ಬ್ಯಾಸಗಿ ಬರೆಸಿದ ಮಾಸ್ತರು

ಸಂಗಣ್ಣ ಮಾಸ್ತರು ನಮ್ಮ ಶಾಲೆಗೆ ಬಂದ ಮೊದಲ ದಿನವೇ ಚಪ್ಪಲಿ ಕಳಚಿ, ಅಂಗಳದ ನಡುವೆ ಕಣ್ಣು ಮುಚ್ಚಿಕೊಂಡು ಬರಿಗಾಲಲ್ಲಿ ನಿಂತರು. ಜೂನ್ ತಿಂಗಳು. ಮಳೆ ಇನ್ನೂ ಬಿದ್ದಿರಲಿಲ್ಲ. ಬೆಳಗಿನ ಬಿಸಿಲಿಗೇ ಅಂಗಳದ ಮಣ್ಣು ರೊಟ್ಟಿಯ ಹಂಚಿನಂತೆ ಕಾದಿತ್ತು. ಹೆಡ್‌ಮಾಸ್ತರು ಕಿಟಕಿಯಿಂದ ಇದನ್ನು ನೋಡಿ, ಹೊಸಬರಿಗೆ ಬಿಸಿಲು ತಲೆಗೆ ಹತ್ತಿರಬೇಕೆಂದು ನೀರು ಕಳಿಸಿದರು. ಮಾಸ್ತರು ನೀರು ಕುಡಿದು, ಎಂಟನೆಯ ತರಗತಿಯ ನಮ್ಮನ್ನೆಲ್ಲ ಹೊರಗೆ ಕರೆದರು.

"ಚಪ್ಪಲ್ ಬಿಡ್ರಿ. ನೆಲ ಏನು ಹೇಳ್ತದ, ಕಾಲಿಗಿ ಕೇಳ್ರಿ. ಆಮ್ಯಾಲ ಒಳಗ ಬಂದು ಅದನ್ನ ಬರೀರಿ."

ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಮ್ಮ ಓಣಿಯಿಂದ ಬರುವ ಯಾರ ಕಾಲಲ್ಲೂ ಇರಲಿಲ್ಲ. ಬಿಡಲು ಏನೂ ಇಲ್ಲದ ನಾವು ಒಂದು ಪಕ್ಕಕ್ಕೆ ನಿಂತು, ಮೇಲಿನ ಓಣಿಯ ಹುಡುಗರು ಒಂದು ಕಾಲು ಎತ್ತಿ ಇನ್ನೊಂದು ಇಟ್ಟು ಕುಣಿಯುವುದನ್ನು ನೋಡಿದೆವು. ಮಾಸ್ತರು ನಮ್ಮ ಕಡೆ ತಿರುಗಿ ಕೇಳಿದರು.

"ಯಾಕ, ನಿಮಗ ಸುಡವಲ್ದೇನು?"

"ದಿನಾ ಸುಡ್ತದ್ರಿ," ಎಂದೆ ನಾನು.

ಅವರ ಮುಖದ ನಗು ಸ್ವಲ್ಪ ಹೊತ್ತು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಆಮೇಲೆ, "ಹಂಗಾರ ಅದನ್ನ ಬರಿ," ಎಂದರು.

ನಮ್ಮೂರು ಸುರಪುರದಿಂದ ತಿಂಥಣಿಯ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಬೀಳುತ್ತದೆ. ಹೆಸರು ಬರೆಯುವುದಿಲ್ಲ. ಅಪ್ಪ ಅವ್ವ ಇನ್ನೂ ಅಲ್ಲೇ ಇದ್ದಾರೆ. ಮಾಸ್ತರು ಶಹಾಪುರದವರು, ಹಳೆಯ ಕಿರಾಣಿ ಅಂಗಡಿಯ ಮನೆತನ. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ದಿನಾ ಮೋಟಾರ್ ಸೈಕಲ್ ಮೇಲೆ ಬಂದು ಹೋಗುತ್ತಿದ್ದರು. ದಾರಿಯಲ್ಲಿ ಕಂಡದ್ದನ್ನೆಲ್ಲ ತರಗತಿಗೆ ತರುತ್ತಿದ್ದರು: ತೊಗರಿಯ ಹೂವು, ಒಡೆದ ಹತ್ತಿಕಾಯಿ, ಕಾಲುವೆಗೆ ನೀರು ಬಿಟ್ಟ ದಿನ ಅದರಲ್ಲಿ ತೇಲಿಬಂದ ಒಣಕಸದ ಹಿಡಿ. ಅದನ್ನು ಮೇಜಿನ ಮೇಲಿಟ್ಟು, "ಕಾಲ ಬದಲಾಗಾಕತ್ತದ, ನೋಡ್ರಿ. ಬರೀರಿ," ಎನ್ನುತ್ತಿದ್ದರು. ಬೇರೆ ಯಾರಿಗಾದರೂ ಕಾಲವೆಂದರೆ ಕ್ಯಾಲೆಂಡರಿನ ಹಾಳೆ; ಸಂಗಣ್ಣ ಮಾಸ್ತರಿಗೆ ಅದು ಆಗತಾನೆ ಮನೆಗೆ ಬಂದ ನೆಂಟ. ಬಂದವನನ್ನು ಬಾಗಿಲಲ್ಲೇ ನಿಲ್ಲಿಸಬಾರದೆಂಬ ಗಡಿಬಿಡಿ ಅವರಿಗೆ.

ಬರೆಯುವುದಕ್ಕೆ ಅವರದೇ ಕಾನೂನುಗಳಿದ್ದವು. ಕಲಬುರಗಿಯಲ್ಲಿ ಯಾವುದೋ ತರಬೇತಿಗೆ ಹೋದಾಗ ಕಲಿತುಬಂದದ್ದಂತೆ. ಪಠ್ಯಪುಸ್ತಕ ಮುಚ್ಚಿ ಚೀಲದಲ್ಲಿಡಬೇಕು. ಅವರು ಕೈಗಡಿಯಾರ ನೋಡಿ "ಹೂಂ" ಎಂದ ಮೇಲೆ ಮತ್ತೆ "ಸಾಕು" ಎನ್ನುವವರೆಗೆ ಬರೆಯುತ್ತಲೇ ಇರಬೇಕು.

"ಕೈ ತಡೀಬಾರದು. ಅಳಿಸಬಾರದು. ಒತ್ತಕ್ಷರ ತಪ್ಪಿದ್ರ ತಪ್ಪಲಿ, ನಾ ಕೆಂಪು ಪೆನ್ನು ಹಿಡಿಯಂಗಿಲ್ಲ. ಮನ್ಯಾಗ ಹ್ಯಾಂಗ ಮಾತಾಡ್ತೀರಿ ಹಂಗ ಬರೀರಿ. ಏನೂ ಹೊಳೀಲಿಲ್ಲಂದ್ರ, ಏನೂ ಹೊಳೀವಲ್ದು ಅಂತನ ಬರೀರಿ. ಆದ್ರ ಒಂದು ಮಾತು. ಇಲ್ಲದ್ದು ಬರೀಬ್ಯಾಡ್ರಿ. ನೀವು ನೋಡದ ಕೋಗಿಲಿ ನನಗ ಬ್ಯಾಡ."

ಯಂಕಪ್ಪನೆಂಬ ಹುಡುಗ ಆ ಮಾತನ್ನು ಅಕ್ಷರಶಃ ಹಿಡಿದ. ಚಳಿಗಾಲದ ಬಗ್ಗೆ ಬರೆಯಿರಿ ಎಂದಾಗ ಒಂದು ಪುಟದ ತುಂಬ "ಏನೂ ಹೊಳೀವಲ್ದು" ಎಂದೇ ಬರೆದ. ಕೊನೆಯ ಸಾಲಿನಲ್ಲಿ ಮಾತ್ರ "ಏನೂ ಹೊಳೀವಲ್ದು ಹೊಟ್ಟಿ ಹಸ್ತದ" ಎಂದಿತ್ತು. ಪಕ್ಕದ ತರಗತಿಯ ಮಾಸ್ತರು ಅದನ್ನು ನೋಡಿ ಬೆತ್ತ ಹುಡುಕತೊಡಗಿದರು. ಸಂಗಣ್ಣ ಮಾಸ್ತರು ಆ ಹಾಳೆಯನ್ನು ತರಗತಿಯ ಮುಂದೆ ನಿಧಾನವಾಗಿ, ಒಂದೊಂದೇ ಸಾಲು, ಪೂರ್ತಿ ಓದಿದರು. ಮೊದಲು ನಕ್ಕೆವು. ಕೊನೆಗೆ ಬರುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ. ಚಳಿಗಾಲವೆಂದರೆ ನಮ್ಮ ಕಡೆ ಹತ್ತಿ ಬಿಡಿಸುವ ಕಾಲ. ತಾಯಂದಿರು ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾರೆ. ಒಲೆ ಹೊತ್ತುವುದು ಅವರು ತಿರುಗಿ ಬಂದ ಮೇಲೆಯೇ. ಯಂಕಪ್ಪನ ಚಳಿಗಾಲ ಅದಾಗಿತ್ತು. ಅಲ್ಲಿಂದ ಮುಂದೆ ಬರೆಸುವ ದಿನ ಮಾಸ್ತರು ಶಹಾಪುರದ ತಮ್ಮ ಅಂಗಡಿಯಿಂದ ಪುಟಾಣಿಯ, ಅಂದರೆ ಹುರಿಗಡಲೆಯ, ಪೊಟ್ಟಣ ತರುತ್ತಿದ್ದರು. ಬರೆಯುವ ಮೊದಲು ಎಲ್ಲರಿಗೂ ಒಂದೊಂದು ಹಿಡಿ. ಎಲ್ಲರಿಗೂ, ಅವರ ಕೈಯಿಂದಲೇ. ನಮ್ಮ ಓಣಿಯವರ ಅಂಗೈಗೆ ಅವರ ಬೆರಳು ತಾಗುತ್ತಿತ್ತು. ಅದನ್ನು ಅವರು ಗಮನಿಸಿರಲಿಕ್ಕಿಲ್ಲ. ನಾವು ಗಮನಿಸುತ್ತಿದ್ದೆವು.

ನಾನು ಬರೆದದ್ದನ್ನು ಅವರು ಮೊದಲ ಸಲ ಓದಿದ್ದು ಅದೇ ಚಳಿಯಲ್ಲಿ. ಅವ್ವನ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಕೌದಿಯಲ್ಲಿ ನಾವು ಮಕ್ಕಳು ಮಲಗುವುದು, ನಡುವೆ ಮಲಗಿದವರಿಗೆ ಬೆಚ್ಚಗೆ, ಅಂಚಿನವರಿಗೆ ಚಳಿ, ಅದಕ್ಕೆ ದಿನಾ ಸರದಿ ಬದಲಾಯಿಸುವುದು, ಇಷ್ಟೇ ಬರೆದಿದ್ದೆ. ಓದಿ ಮುಗಿಸಿದ ಮಾಸ್ತರು, "ಹುಲಿಗೆಮ್ಮ, ನಾ ಅಂಚಿಗಿ ಮಲಗಿದಂಗಾತು," ಎಂದರು. ನಮ್ಮ ಓಣಿಯ ಮಾತು, ನಮ್ಮ ಅವ್ವ ಆಡುವ ಮಾತು, ಅಂಥ ಇಸ್ತ್ರಿ ಅಂಗಿಯವರ ಬಾಯಿಂದ ತರಗತಿಯಲ್ಲಿ ಕೇಳಿಬಂದದ್ದು ನನಗೆ ಅದೇ ಮೊದಲು. ಆ ದಿನ ಮನೆಗೆ ಹೇಗೆ ನಡೆದು ಬಂದೆನೋ ನೆನಪಿಲ್ಲ. ಬದುಕಿನಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟವರು ಬಹಳ ಮಂದಿ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಹೇಳುವುದೆಲ್ಲ ಬೇರೆ ತರಹದ್ದು.

ಮೊದಲ ವರ್ಷ ಬೇಸಿಗೆಯ ಬಗ್ಗೆ ಬರೆಸಲಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಬಿಟ್ಟುಹೋಯಿತು. ಒಂಬತ್ತನೆಯ ತರಗತಿಯಲ್ಲಿ, ಹೋಳಿ ಹುಣ್ಣಿಮೆ ಮುಗಿದ ಮೇಲೆ, ಒಂದು ಮಧ್ಯಾಹ್ನ ಮಾಸ್ತರು, "ಇವತ್ತು ನಿಮ್ಮ ಜೋಡಿ ನಾನೂ ಬರೀತೀನಿ," ಎಂದು ಬೆಂಚಿನ ಮೇಲೆ ನಮ್ಮ ನಡುವೆ ಕೂತರು. ಮೊದಲು ತಮ್ಮದನ್ನು ಓದಿದರು. ಶಹಾಪುರದ ಮನೆಯ ಮಾಳಿಗೆಗೆ ಸಂಜೆ ಕೊಡಗಟ್ಟಲೆ ನೀರು ಹೊಡೆಯುತ್ತಿದ್ದರಂತೆ. ಕಾದ ಕಲ್ಲು ಚುಂಯ್ ಎನ್ನುತ್ತಿತ್ತಂತೆ. ಆ ವಾಸನೆಗೆ ಹುಡುಗರೆಲ್ಲ ಮೇಲಕ್ಕೆ ಓಡುತ್ತಿದ್ದರಂತೆ. ಮೂಲೆಯಲ್ಲಿ ಅವರ ತಾಯಿ ಹೊಸ ಮಡಕೆಯಲ್ಲಿ ನೀರು ಇಟ್ಟಿರುತ್ತಿದ್ದರು, ಎಷ್ಟು ಕುಡಿದರೂ ತೀರುತ್ತಿರಲಿಲ್ಲ. ಎದುರಿಗೆ ಬೆಟ್ಟ ಕಪ್ಪಾಗುವವರೆಗೆ ಅಲ್ಲೇ ಉರುಳಾಡುತ್ತಿದ್ದರು. ಚೆನ್ನಾಗಿತ್ತು. ಓದುವಾಗ ಅವರ ದನಿ ಸಣ್ಣ ಹುಡುಗನ ದನಿಯಾಗಿತ್ತು.

"ಇದು ನನ್ನ ಬ್ಯಾಸಗಿ. ಈಗ ನಿಮ್ಮದು ಹೇಳ್ರಿ," ಎಂದರು.

ನೀರನ್ನು ಮಾಳಿಗೆಗೆ ಹೊಡೆಯುತ್ತಿದ್ದರು ಎಂಬ ಮಾತು ನನ್ನ ತಲೆಯಲ್ಲಿ ಸಿಕ್ಕಿಹಾಕಿಕೊಂಡಿತು. ಸಿಟ್ಟು ಬಂತೋ ಹೊಟ್ಟೆಕಿಚ್ಚು ಬಂತೋ ಹೇಳಲಾರೆ. ಅವರು "ಹೂಂ" ಎಂದ ಕೂಡಲೇ ಕೈ ಓಡತೊಡಗಿತು. ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ಬ್ಯಾಸಗಿ ಬಂದ್ರ ನಮ್ಮ ಓಣಿ ಬೋರು ನಿಂತು ಹೋಗ್ತದ. ಆಮ್ಯಾಲ ಮ್ಯಾಲಿನ ಓಣಿ ಬಾವಿಗಿ ಹೋಗಬೇಕು. ನಾವು ಹಗ್ಗ ಮುಟ್ಟಂಗಿಲ್ಲ. ಕಟ್ಟಿ ಹತ್ತಂಗಿಲ್ಲ. ಕೊಡ ಕೆಳಗಿಟ್ಟು ದೂರ ನಿಂದ್ರತೀವಿ. ಯಾರರ ಬಂದು ಸೇದಿ ಮ್ಯಾಲಿಂದ ಹಾಕ್ತಾರ. ನೀರು ಅರ್ಧ ಕೊಡದಾಗ ಅರ್ಧ ನೆಲಕ್ಕ. ಅವರು ಸಾಕು ಅಂದ್ರ ಸಾಕು. ಒಮ್ಮೊಮ್ಮಿ ಯಾರೂ ಬರಂಗಿಲ್ಲ. ಅವ್ವ ಕರೀತಾಳ, ಯಕ್ಕಾರ, ಒಂದೀಟು ನೀರು ಹಾಕ್ರಿ ಅಂತ. ಒಳಗ ಮಾತು ಕೇಳಸ್ತದ, ಆದ್ರ ಯಾರೂ ಬರಂಗಿಲ್ಲ. ಬ್ಯಾಸಗಿ ಅಂದ್ರ ನಮಗ ನಿಂದ್ರೂದು."

ಇದರಲ್ಲಿ ಗುಟ್ಟೇನೂ ಇರಲಿಲ್ಲ. ಊರಿನ ಪ್ರತಿಯೊಬ್ಬರಿಗೂ ಗೊತ್ತಿದ್ದದ್ದು. ಪ್ರತಿ ಬೇಸಿಗೆಯೂ ಎಲ್ಲರ ಕಣ್ಣೆದುರಿಗೆ, ಹಾಡಹಗಲಿನಲ್ಲಿ ನಡೆಯುವಂಥದ್ದು. ಮಾಸ್ತರಿಗೂ ಗೊತ್ತಿರಲೇಬೇಕು, ಅವರ ಮೋಟಾರ್ ಸೈಕಲ್ಲು ದಿನಾ ಆ ಬಾವಿಯ ಮುಂದಿನಿಂದಲೇ ಬರುತ್ತಿತ್ತು. ಆದರೂ ಅವರು ನನ್ನ ಹಾಳೆಯನ್ನು ಎರಡು ಸಲ ಓದಿದರು, ಜೋರಾಗಿ ಓದಲಿಲ್ಲ. "ಹುಲಿಗೆಮ್ಮ, ಇದನ್ನ ನಾ ಇಟ್ಕೋತೀನಿ," ಎಂದರು. ಪಾಲಕರ ಸಭೆಯ ದಿನ ಪಡಸಾಲೆಯಲ್ಲಿ ಸುತಳಿ ಕಟ್ಟಿ ಎಲ್ಲರ ಬೇಸಿಗೆಯನ್ನೂ ಸಾಲಾಗಿ ತೂಗುಹಾಕಿದರು. ನನ್ನದನ್ನು ನಡುವೆ ಹಾಕಿದ್ದರು.

ಮೇಲಿನ ಓಣಿಯ ಒಬ್ಬ ಹುಡುಗ ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಕಳಿಸಿದ. ತಮಾಷೆಗೆ ಕಳಿಸಿದನೋ ಬೇರೆ ಯಾತಕ್ಕೋ, ಇವತ್ತಿಗೂ ತಿಳಿದಿಲ್ಲ. ಅದು ಸುರಪುರಕ್ಕೆ ಹೋಯಿತು, ಯಾದಗಿರಿಗೆ ಹೋಯಿತು. ಯಾರೋ ಅದರ ಮೇಲೆ ನಮ್ಮೂರಿನ ಹೆಸರು ಬರೆದರು. ತಾಲೂಕಿನಿಂದ ಅಧಿಕಾರಿಯೊಬ್ಬರು ವಿಚಾರಣೆಗೆ ಬರುತ್ತಾರೆಂಬ ಸುದ್ದಿ ಬಂತು.

ಶಾಲಾ ಸಮಿತಿಗೆ ಅಧ್ಯಕ್ಷರಾಗಿದ್ದವರು ಶಂಕ್ರಪ್ಪ ಸಾಹುಕಾರರು. ನನ್ನ ಅಪ್ಪ ಭೀಮಪ್ಪ ಆ ಸಾಹುಕಾರರದೇ ಗದ್ದೆಗೆ ನೀರು ಕಟ್ಟುತ್ತಿದ್ದ. ಸಾಹುಕಾರರು ಬೈಯಲಿಲ್ಲ. ಅಂಥವರು ಬೈಯುವುದಿಲ್ಲ. ಅಪ್ಪನನ್ನು ಕರೆಸಿ, "ಭೀಮ್ಯಾ, ನಿನ್ನ ಮಗಳು ಭಾಳ ಶಾಣ್ಯಾ ಆಗ್ಯಾಳ. ನಾಳಿ ಸಾಹೇಬ್ರು ಬರ್ತಾರ. ಏನು ಹೇಳ್ತಾಳ ಕೇಳಿ, ಆಮ್ಯಾಲ ಮುಂದಿನ ಹಂಗಾಮಿನ ಮಾತಾಡೂಣು," ಎಂದರಂತೆ. ಕೇಸು ಆಗುತ್ತದೆಂಬ ಹೆದರಿಕೆ ಅವರಿಗಿತ್ತು. ಹೆದರಿದ ದೊಡ್ಡವರ ದನಿ ಯಾವಾಗಲೂ ಮೆತ್ತಗಿರುತ್ತದೆ.

ಅಪ್ಪ ಸಂಜೆ ಮನೆಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಮೂಲೆಯಲ್ಲಿದ್ದೆ. ಅಪ್ಪ ನನ್ನನ್ನು ಹತ್ತಿರ ಕರೆದ.

"ನೀ ಬರದದ್ದು ನನಗ ಓದಿ ಹೇಳು."

ಹಾಳೆ ಶಾಲೆಯಲ್ಲಿತ್ತು. ನೆನಪಿದ್ದಷ್ಟು ಹೇಳಿದೆ. ಅವ್ವ ಯಕ್ಕಾರ ಎಂದು ಕರೆಯುವ ಮಾತು ಬಂದಾಗ ಅವ್ವನ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು.

"ಇದರಾಗ ಸುಳ್ಳು ಏನದ?" ಎಂದು ಅಪ್ಪ ಅವ್ವನನ್ನು ಕೇಳಿದ.

"ಸುಳ್ಳೇನಿಲ್ಲ. ಆದ್ರ ಕೆಲಸ ಹೋದ್ರ?"

"ಹೋದ್ರ ಹೋಗ್ತದ. ಕಾಲುವಿ ಕೆಲಸ ಅವ, ಕೆಂಭಾವಿ ಕಡಿ ಹೊಲ ಅವ. ಇಷ್ಟು ವರ್ಷ ಆ ಮಾತು ನನ್ನ ಬಾಯಾಗ ಬರಲಿಲ್ಲ. ಹುಡುಗಿ ಬಾಯಾಗ ಬಂದದ. ಅದನ್ನ ಸುಳ್ಳಂತ ನಾ ಹ್ಯಾಂಗ ಹೇಳಸ್ಲಿ?"

ಅವ್ವ ಒಲೆಗೆ ಕಟ್ಟಿಗೆ ಸರಿಸಿದಳು. ಆಮೇಲೆ "ಹೂಂ" ಎಂದಳು. ಅಪ್ಪ ನನ್ನ ಕಡೆ ತಿರುಗಿದ. "ಕೇಳಿದ್ರ ಖರೇನ ಹೇಳು. ಅಂಜಬ್ಯಾಡ. ನಾ ಬಾಗಲದಾಗ ಇರ್ತೀನಿ."

ನನ್ನ ಅಪ್ಪ ಅಕ್ಷರ ಬಲ್ಲವನಲ್ಲ. ಮೇಲಿನ ಓಣಿಯಲ್ಲಿ ತಲೆ ಎತ್ತಿ ನಡೆದವನೂ ಅಲ್ಲ. ಆ ಸಂಜೆ ಅವನನ್ನು ನೋಡಿ, ಇವನು ಇಷ್ಟು ದಿನ ಎಲ್ಲಿದ್ದ ಅನ್ನಿಸಿತ್ತು. ಮರುದಿನ ಅವನು ನನ್ನ ಸೋದರಮಾವನ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ಹಾಕಿಕೊಂಡು ನನ್ನ ಜೊತೆ ಶಾಲೆಗೆ ಬಂದ.

ಹಿಂದಿನ ದಿನ ಅದೇ ಸಂಜೆ ಸಂಗಣ್ಣ ಮಾಸ್ತರು ಶಹಾಪುರಕ್ಕೆ ಹೋಗದೆ ಸಾಹುಕಾರರ ಮನೆಗೆ ಹೋಗಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಅವರಿಗೆ ಅಲ್ಲಿ ಮಂಚವಿತ್ತು, ಚಹಾ ಇತ್ತು. ಭೀಮಪ್ಪನ ಗತಿ ಏನಾಗಬಹುದು, ಆ ಓಣಿಯವರಿಗೆ ಹೊಲದ ಕೆಲಸ ಯಾರು ಕೊಡುತ್ತಾರೆ, ಹುಡುಗಿ ಮುಂದೆ ಹೇಗೆ ಓದುತ್ತಾಳೆ, ಎಲ್ಲವನ್ನೂ ಸಾಹುಕಾರರು ಅವರಿಗೆ ಕಾಳಜಿಯಿಂದಲೇ ವಿವರಿಸಿದರಂತೆ. ಸಾಹುಕಾರರ ಮನೆಯಿಂದ ನಮ್ಮ ಓಣಿಗೆ ಬಹಳ ದೂರವಿಲ್ಲ. ಮಾಸ್ತರು ಅಷ್ಟು ದೂರ ಬರಲಿಲ್ಲ.

ಹೆಡ್‌ಮಾಸ್ತರ ಕೋಣೆಯಲ್ಲಿ ಅಧಿಕಾರಿ ನನ್ನ ಹಾಳೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಒಂದು ಪಕ್ಕಕ್ಕೆ ಹೆಡ್‌ಮಾಸ್ತರು, ಇನ್ನೊಂದು ಪಕ್ಕಕ್ಕೆ ಸಾಹುಕಾರರು. ಸಂಗಣ್ಣ ಮಾಸ್ತರು ಗೋಡೆಯ ಹತ್ತಿರದ ಕುರ್ಚಿಯಲ್ಲಿದ್ದರು. ಅಪ್ಪ ಬಾಗಿಲಾಚೆ ನಿಂತಿದ್ದ.

"ಇದು ನೀ ಬರದದ್ದೇನಮ್ಮ?" ಅಧಿಕಾರಿ ಕೇಳಿದರು.

"ಹೌದ್ರಿ."

"ಯಾರರ ಹೇಳಿಕೊಟ್ಟು ಬರಸ್ಯಾರೇನು?"

"ಇಲ್ರಿ."

"ಅಂದ್ರ ಇದರಾಗಿರೋದು..."

ಅವರ ಮಾತು ಮುಗಿದಿರಲಿಲ್ಲ. ಸಂಗಣ್ಣ ಮಾಸ್ತರು ಎದ್ದು ನಿಂತರು.

"ಸರ್, ಅದು ಮುಕ್ತ ಬರವಣಿಗಿ ರೀ. ಮನಸ್ಸಿಗಿ ತೋಚಿದ್ದು ಕಲ್ಪನಾ ಮಾಡಿ ಬರೀರಿ ಅಂತ ನಾನ ಹೇಳಿದ್ದೆ. ಹುಡುಗಿ ಕಲ್ಪನಾ ಮಾಡ್ಯಾಳ. ಊರಾಗ ಅಂಥಾದ್ದೇನಿಲ್ರಿ. ತೂಗುಹಾಕಿದ್ದು ನನ್ನ ತಪ್ಪು."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಅಧಿಕಾರಿಯ ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತಿದ್ದರು. ಅಧಿಕಾರಿಯ ಮುಖದಲ್ಲಿ, ದಾರಿಯಲ್ಲಿ ಕೆಟ್ಟ ಗಾಡಿ ತಾನಾಗಿಯೇ ಶುರುವಾದಾಗ ಬರುವಂಥ ಸಮಾಧಾನ ಬಂತು.

"ನೋಡ್ರಿ ಮತ್ತ. ಇಂಥಾ ವಿಷಯ ಮಕ್ಕಳಿಗಿ ಯಾಕ ಬೇಕು? ಹೂವು, ಹಣ್ಣು, ಹಬ್ಬ ಬರಸ್ರಿ," ಎಂದು ಏನೋ ಗೀಚಿ ಸಹಿ ಹಾಕಿದರು. ನನ್ನ ಕಡೆ ನೋಡಿ ನಕ್ಕರು. "ಭಾಳ ಛಲೋ ಕಲ್ಪನಾ ಮಾಡ್ತಿ. ಬರಕೋಂತ ಹೋಗು."

"ಸರ್..." ಎಂದೆ ನಾನು.

"ಆತಲ್ಲವ್ವ, ಕ್ಲಾಸಿಗಿ ಹೋಗು," ಎಂದರು ಸಾಹುಕಾರರು, ಬಹಳ ಪ್ರೀತಿಯಿಂದ.

ಹೊರಗೆ ಬಂದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ನನ್ನನ್ನು ನೋಡಲಿಲ್ಲ. ಮನೆಗೆ ಹೋಗಿ ಆ ಅಂಗಿ ಬಿಚ್ಚಿ, ಸಾಹುಕಾರರ ಗದ್ದೆಗೆ ನೀರು ಕಟ್ಟಲು ಹೋದ. ಆ ಸಂಜೆ ಗೋಡೆಗೆ ಬೆನ್ನು ಕೊಟ್ಟು ಮಾತಾಡಿದ ಅಪ್ಪನನ್ನು ನಾನು ಮತ್ತೆ ನೋಡಿಲ್ಲ.

ಮಾಸ್ತರು ಲೆಕ್ಕ ಹಾಕಿದಂತೆಯೇ ಎಲ್ಲವೂ ನಡೆಯಿತು. ಅಪ್ಪನ ಕೆಲಸ ಹೋಗಲಿಲ್ಲ. ಯಾರೂ ನಮ್ಮ ಮೈಮುಟ್ಟಲಿಲ್ಲ. ಮಾಸ್ತರಿಗೆ ನಾರಾಯಣಪುರದ ಆಚೆ ಒಂದು ಶಾಲೆಗೆ ವರ್ಗವಾಯಿತು. ಅಷ್ಟನ್ನು ಅವರು ತಮ್ಮ ಪಾಲಿಗೆ ಇಟ್ಟುಕೊಂಡರು. ಬಾವಿಯ ಕಟ್ಟೆ ಮಾತ್ರ ಇದ್ದಲ್ಲೇ ಇತ್ತು. ಆ ಬೇಸಿಗೆ ನಾನು ಕೊಡ ಹಿಡಿದು ಹೋದಾಗಲೆಲ್ಲ ಮೇಲಿನ ಓಣಿಯ ಹುಡುಗರು, "ಕಲ್ಪನಾ ಬಂದ್ಲು, ಕಲ್ಪನಾ ಬಂದ್ಲು," ಎನ್ನುತ್ತಿದ್ದರು. ನೀರು ಹಾಕಲು ಬಂದ ಹೆಂಗಸೊಬ್ಬಳು ಬಿಂದಿಗೆ ಎತ್ತಿ ಹಿಡಿದು, "ಕೊಡ ಸರಿಯಾಗಿ ಇಡವ್ವ, ಇದು ಕಲ್ಪನಾ ನೀರು," ಎಂದು ನಕ್ಕಳು. ನಮ್ಮ ಓಣಿಯ ಹೆಂಗಸರೂ ನಕ್ಕರು. ನಗದಿದ್ದರೆ ಆ ದಿನ ನೀರು ಸಿಗುತ್ತಿರಲಿಲ್ಲ. ಹೀಗೆ ನನ್ನ ಹೆಸರೇ ಹೋಯಿತು. ಹತ್ತನೆಯ ತರಗತಿ ಮುಗಿಯುವವರೆಗೆ ನಾನು ಊರಿಗೆ ಕಲ್ಪನಾ.

ಊರು ಬಿಡುವ ಮೊದಲು ಮಾಸ್ತರು ನಮ್ಮ ಓಣಿಗೆ ಬಂದರು. ಅದೇ ಮೊದಲ ಸಲ. ನಮ್ಮ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿದರು.

"ಭೀಮಪ್ಪ, ಇನ್ನ ನಿಮಗ ಯಾರೂ ಏನೂ ಅನ್ನಂಗಿಲ್ಲ. ಸಾಹುಕಾರ್ರು ಮಾತು ಕೊಟ್ಟಾರ," ಎಂದರು.

"ಹೌದ್ರಿ," ಎಂದ ಅಪ್ಪ.

"ಹುಡುಗಿನ ಓದಸು. ಬಿಡಸಬ್ಯಾಡ."

"ಹೌದ್ರಿ."

ಮಾಸ್ತರು ಇನ್ನೂ ಸ್ವಲ್ಪ ಹೊತ್ತು ಕೂತರು. ಅಪ್ಪ ಮತ್ತೇನಾದರೂ ಹೇಳಬಹುದೆಂದು ಕಾದಿರಬೇಕು. ನಾನು ಒಳಗಿದ್ದೆ. "ಹುಲಿಗೆಮ್ಮ," ಎಂದು ಕರೆದರು. ನಾನು ಹೊರಗೆ ಬರಲಿಲ್ಲ. ಮೋಟಾರ್ ಸೈಕಲ್ ಶುರುವಾದ ಸದ್ದು ಕೇಳಿ, ಅದು ರಸ್ತೆಗೆ ಹತ್ತಿ ದೂರವಾಗುವವರೆಗೆ ಹಿಟ್ಟಿನ ಡಬ್ಬಿಯ ಹಿಂದೆ ಕೂತಿದ್ದೆ.

ಅವರ ಜಾಗಕ್ಕೆ ಬಂದವರು ಒಳ್ಳೆಯವರೇ. ಮಳೆಗಾಲದ ಬಗ್ಗೆ ಪ್ರಬಂಧವನ್ನು ಬೋರ್ಡಿನ ಮೇಲೆ ತಾವೇ ಬರೆದುಕೊಡುತ್ತಿದ್ದರು. ಅದರಲ್ಲಿ ನವಿಲು ಕುಣಿಯುತ್ತಿತ್ತು. ನಾನು ಅದನ್ನು ಒಂದೂ ತಪ್ಪಿಲ್ಲದೆ ಬರೆದುಕೊಂಡೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಆಮೇಲೆ ಕಲಬುರಗಿಯಲ್ಲಿ ನರ್ಸಿಂಗ್ ಕಲಿತೆ. ಈಗ ಶಹಾಪುರದ ಆರೋಗ್ಯ ಕೇಂದ್ರದಲ್ಲಿ ಕೆಲಸ. ನಮ್ಮ ಓಣಿಗೂ ನಲ್ಲಿ ಬಂದಿದೆ. ಬೇಸಿಗೆಯಲ್ಲಿ ಅದರಿಂದ ಗಾಳಿ ಬರುತ್ತದೆ.

ಇಷ್ಟು ವರ್ಷಗಳಲ್ಲಿ ಅವರ ಬಗ್ಗೆ ನಾನು ಬಹಳ ಸಲ ವಾದ ಮಾಡಿದ್ದೇನೆ, ನನ್ನ ಜೊತೆಗೇ. ಹೆದರಿ ಹಾಗೆ ಹೇಳಿದ್ದರೆ ಮರೆತುಬಿಡಬಹುದಿತ್ತು. ಹೆದರಿದವರನ್ನು ನಾನು ಬಹಳ ನೋಡಿದ್ದೇನೆ, ಅವರ ಮೇಲೆ ಸಿಟ್ಟು ಬರುವುದಿಲ್ಲ. ಇವರು ನಮ್ಮ ಒಳ್ಳೆಯದಕ್ಕೆ ಹೇಳಿದರು. ತಮ್ಮ ಮೇಲೆ ತಪ್ಪು ಹಾಕಿಕೊಂಡರು, ಊರಿಂದ ಊರಿಗೆ ಹೋದರು. ಅಂಥವರನ್ನು ಬೈಯಲು ಬಾಯಿ ಬರುವುದಿಲ್ಲ, ಹೊಗಳಲೂ ಬರುವುದಿಲ್ಲ. ಇದ್ದದ್ದನ್ನೇ ಬರೆ ಎಂದು ಎರಡು ವರ್ಷ ನನ್ನ ಕೈ ತಿದ್ದಿ, ನಾನು ಬರೆದ ದಿನ ಅದನ್ನು ಇಲ್ಲದ್ದು ಮಾಡಿದರು. ಬೇರೆ ಯಾರೇ ಅದನ್ನು ಸುಳ್ಳೆಂದಿದ್ದರೂ ಅದು ನಿಜವಾಗಿಯೇ ಉಳಿಯುತ್ತಿತ್ತು. ಮಾಸ್ತರು ಹೇಳಿದ್ದರಿಂದ ಸುಳ್ಳಾಯಿತು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಹೋದ ವರ್ಷದ ಮಳೆಗಾಲದಲ್ಲಿ. ಅದಾದ ಮೇಲೆ ಅವರು ಬಹಳ ದಿನ ಇರಲಿಲ್ಲ. ದೀಪಾವಳಿಗೆ ಮೊದಲೇ ತೀರಿಹೋದರು. ಮನೆಮನೆಗೆ ಹೋಗಿ ವಯಸ್ಸಾದವರ ಬಿ.ಪಿ., ಸಕ್ಕರೆ ನೋಡುವ ಕೆಲಸ ನಮ್ಮದು. ಹಳೆಯ ಪೇಟೆಯ ಒಂದು ಕಲ್ಲಿನ ಮನೆಯ ಬಾಗಿಲು ತಟ್ಟಿದಾಗ ತೆಗೆದವರು ಅವರೇ. ಅಂಗಿ ಇಸ್ತ್ರಿ ಮಾಡಿದ್ದೇ ಇತ್ತು, ಒಳಗೆ ಮೈ ಅರ್ಧವಾಗಿತ್ತು. ನನ್ನನ್ನು ಗುರುತಿಸಲು ಅವರಿಗೆ ಸ್ವಲ್ಪವೂ ಹೊತ್ತು ಹಿಡಿಯಲಿಲ್ಲ.

"ಹುಲಿಗೆಮ್ಮ," ಎಂದರು. "ಬಾರವ್ವ, ಕುಂದ್ರು. ಭೀಮಪ್ಪ ಹ್ಯಾಂಗಿದ್ದಾನ?"

"ಅದಾನ್ರಿ."

ಅವರ ಹೆಂಡತಿ ನನಗೆ ಕುರ್ಚಿ ಎಳೆದು ಕೊಟ್ಟು ಚಹಾ ಮಾಡಲು ಒಳಗೆ ಹೋದರು. ನಾನು ಮಾಸ್ತರ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದೆ. ಮಾಸ್ತರು ಏನೋ ಹೇಳಲು ಬಾಯಿ ತೆರೆದರು.

"ಮಾತಾಡಬ್ಯಾಡ್ರಿ ಸರ್, ತಪ್ಪು ತೋರಸ್ತದ."

ಪಟ್ಟಿ ಉಬ್ಬಿ ಇಳಿಯುವವರೆಗೆ ಸುಮ್ಮನಿದ್ದರು. ಪಟ್ಟಿ ಬಿಚ್ಚುವಾಗ ಕೇಳಿದರು.

"ಅವತ್ತು ಸಾಹೇಬ್ರು ಕೇಳಿದ್ದು ಪೂರಾ ಆಗಿದ್ರ ನೀ ಏನು ಹೇಳ್ತಿದ್ದಿ?"

"ಖರೆ ಅಂತ ಹೇಳ್ತಿದ್ದೆ ಸರ್."

"ನಂಗೊತ್ತಿತ್ತು. ಅದಕ್ಕ ನಾ ಮದ್ಲ ಎದ್ದು ನಿಂತೆ." ಅವರು ಅಂಗಿಯ ತೋಳನ್ನು ಇಳಿಸಿಕೊಂಡರು. "ನೀ ಸಣ್ಣಾಕಿ, ನಿನಗ ತಿಳೀತಿರಲಿಲ್ಲ. ಭೀಮಪ್ಪ ಊರಾಗ ಉಳೀತಿರಲಿಲ್ಲ. ಆಮ್ಯಾಲ ನಾ ಯಾವ ಶಾಲ್ಯಾಗೂ ಬರಸಲಿಲ್ಲ. ಬರಸೂದು ಬಿಟ್ಟೆ. ಆದ್ರ ಒಂದು ಮನಿ ಉಳೀತು ಅಂತ ಸಮಾಧಾನ ಮಾಡ್ಕೋತೀನಿ."

ನಮ್ಮ ಕೆಲಸದಲ್ಲಿ ವಯಸ್ಸಾದವರ ಇಂಥ ಮಾತಿಗೆ ಹೌದ್ರಿ ಎಂದು ಮುಂದಿನ ಮನೆಗೆ ಹೋಗುವುದು ರೂಢಿ. ನಾನೂ ಹಾಗೆ ಮಾಡಬಹುದಿತ್ತು. ಆ ಸಮಾಧಾನದಿಂದ ನನಗೇನೂ ನಷ್ಟವಿರಲಿಲ್ಲ.

"ಅಪ್ಪನೇ ಹೇಳಿದ್ದ ಸರ್," ಎಂದೆ. "ಹಿಂದಿನ ದಿನ ಸಂಜಿಗಿ. ಕೆಲಸ ಹೋದ್ರ ಹೋಗಲಿ, ನೀ ಖರೇನ ಹೇಳು ಅಂತ."

"ಭೀಮಪ್ಪ?"

"ಹೌದ್ರಿ. ಅವ್ವನೂ ಹೂಂ ಅಂದಿದ್ಲು. ಅದಕ್ಕ ಅವ ಬಾಗಲದಾಗ ಬಂದು ನಿಂತಿದ್ದ."

ಮಾಸ್ತರು ನನ್ನನ್ನು ನೋಡಿದರು. ಅವರ ಹೆಂಡತಿ ಚಹಾ ತಂದು ಮುಂದಿಟ್ಟು, ಗಂಡನ ಮುಖ ನೋಡಿ ಒಳಗೆ ಹೋದರು. ಹೊರಗೆ ಮಳೆ ಸಣ್ಣಗೆ ಹನಿಯುತ್ತಿತ್ತು.

"ನನಗ ಯಾರೂ ಹೇಳಲಿಲ್ಲಲ್ಲ," ಎಂದರು ಮಾಸ್ತರು.

"ನೀವು ಕೇಳಲಿಲ್ರಿ," ಎಂದೆ.

ಬಿ.ಪಿ. ಬಹಳ ಇತ್ತು. ಗುಳಿಗೆ ಕೊಟ್ಟು, ಉಪ್ಪು ಕಡಿಮೆ ಮಾಡಲು ಹೇಳಿದೆ. ಅವರು ತಲೆಯಾಡಿಸಿದರು. ನಾನು ಚಹಾ ಕುಡಿದು ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಾಗ ಮಾಸ್ತರು ಬಾಗಿಲವರೆಗೆ ಬಂದರು. ನಾನು ಕೊಡೆ ಬಿಚ್ಚಿ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಅಲ್ಲಿ ಬಾಗಿಲು ತೆಗೆಯುವವರೆಗೂ ಅವರು ಹೊಸ್ತಿಲಲ್ಲೇ ನಿಂತಿದ್ದರು.